ಹನ್ನೆರಡು ಬಾಯಿಯ ಡಬ್ಬಿ

ಇಪ್ಪತ್ತು ವರ್ಷ ಆರ್.ಟಿ. ನಗರದ ಸ್ಕೂಲಲ್ಲಿ ಡ್ರಾಯಿಂಗ್ ಮೇಡಂ ಆಗಿದ್ದು, ನಲವತ್ತೊಂಬತ್ತನೇ ವಯಸ್ಸಿಗೆ ಅನಿಮೇಷನ್ ಸಿನಿಮಾ ಕಲಿಯೋಕೆ ಮಾಸ್ಟರ್ಸ್ ಸೇರಿದೆ. ಅಲ್ಲಿಂದ ಒಂದು ವಾರವೂ ನೆಟ್ಟಗೆ ಕಳೆದಿದ್ದಿಲ್ಲ.

ಮೊದಲ ದಿನ

ಯಲಹಂಕದ ಕಾಲೇಜು. ಕ್ಲಾಸಿಗೆ ಕಾಲಿಟ್ಟಿದ್ದೇ ತಡ, ಎಲ್ಲರೂ ಎದ್ದು ನಿಂತು "ಗುಡ್ ಮಾರ್ನಿಂಗ್ ಮ್ಯಾಮ್" ಅಂದರು. ಹಳೇ ಅಭ್ಯಾಸ, "ಕೂತ್ಕೊಳ್ರೋ" ಅಂದುಬಿಟ್ಟೆ. ಅಷ್ಟರಲ್ಲಿ ಕುರುಚಲು ಗಡ್ಡದ ಒಬ್ಬ ಬಾಗಿಲಲ್ಲಿ ಇಣುಕಿದ.

"ಮೊದಲ ದಿನವೇ ಲೇಟಾ? ಹಿಂದೆ ಹೋಗಿ ಕೂತ್ಕೋ."

ಸುಮ್ಮನೆ ಹೋಗಿ ಕೂತ. ನಾನೂ ಒಂದು ಬೆಂಚು ಹಿಡಿದು ಕೂತೆ. ಹತ್ತು ನಿಮಿಷವಾದರೂ ಪಾಠ ಶುರುವಾಗಲಿಲ್ಲ. ಕೊನೆಗೆ ಗಡ್ಡದವನು ಕೈ ಎತ್ತಿದ.

"ಮೇಡಂ, ಈ ಪೀರಿಯಡ್ಡು ನಂದು. ಮುಂದಕ್ಕೆ ಬರಲಾ?"

ಎಮ್ಮೆ ನಡಿಗೆ

ನಾಲ್ಕು ಕಾಲಿನ ಪ್ರಾಣಿ ನಡೆಯೋದನ್ನ ನೋಡಿ, ಒಂದೊಂದು ಹೆಜ್ಜೆಯನ್ನೂ ಬಿಡಿಸಿಕೊಂಡು ಬರಬೇಕಿತ್ತು. ಹುಣಸಮಾರನಹಳ್ಳಿಯಲ್ಲಿ ಒಂದು ಎಮ್ಮೆ ಸಿಕ್ಕಿತು. ಬಗ್ಗಿಕೊಂಡು, ಮೊಬೈಲ್ ಹಿಡಿದು, ಅರ್ಧ ಗಂಟೆ ಅದರ ಕಾಲಿನ ಹಿಂದೆಯೇ ಹೋದೆ. ಎಮ್ಮೆಯ ಯಜಮಾನ ಅಡ್ಡ ಬಂದ.

"ಕೊಳ್ಳೋರು ಕೆಚ್ಚಲು ನೋಡ್ತಾರೆ ಕಣಮ್ಮೋ, ಆಲು ಅಲ್ಲಿಂದ ಬರೋದು. ನೀವ್ಯಾಕೆ ಕಾಲು ನೋಡ್ತೀರಾ?"

"ಕೊಳ್ಳೋಕಲ್ಲ ಯಜಮಾನ್ರೇ, ನಡಿಗೆ ಕಲೀತಿದ್ದೀನಿ."

ಆತ ನನ್ನನ್ನ ಅಡಿಯಿಂದ ಮುಡಿವರೆಗೂ ನೋಡಿ, ಮರುಕದಿಂದ ಹೇಳಿದ: "ಯಾಕಮ್ಮಾ, ಈಗ ನಡೀತಿರೋದೇ ಚೆನ್ನಾಗೈತಲ್ಲ?"

ಡಬ್ಬಿ

ಕೊನೆಯ ವರ್ಷದ ಸಿನಿಮಾಕ್ಕೆ ಒಂದು ಅಜ್ಜಿ ಗೊಂಬೆ ಮಾಡಿದ್ದೆ. ಗೊಂಬೆ ಮಾತಾಡಬೇಕಾದರೆ ಒಂದೊಂದು ಶಬ್ದಕ್ಕೆ ಒಂದೊಂದು ಬಾಯಿ ಅಂಟಿಸಿ ಫೋಟೊ ತೆಗೀಬೇಕು. ಜೇಡಿಮಣ್ಣಿನಲ್ಲಿ ಹನ್ನೆರಡು ಬಾಯಿ ತಿದ್ದೋಕೆ ಒಂದು ತಿಂಗಳು ಹಿಡಿದಿತ್ತು. ಅವನ್ನ ಟಿಫನ್ ಡಬ್ಬಿಯಲ್ಲಿಟ್ಟುಕೊಂಡು ಹೊರಟವಳು ಡಬ್ಬಿಯನ್ನ ಬಸ್ಸಲ್ಲೇ ಮರೆತು ಇಳಿದೆ. ಮಾರನೇ ದಿನವೇ ಶೂಟಿಂಗ್. ಅಳು ನುಂಗಿಕೊಂಡು ಬಸ್ ಸ್ಟ್ಯಾಂಡಿನ ಕಂಟ್ರೋಲರ್ ಹತ್ತಿರ ಓಡಿದೆ.

"ಡಬ್ಬಿ ಒಳಗೆ ಏನಿತ್ತು?" ಅಂದ, ಬರೆದುಕೊಳ್ಳುತ್ತಾ.

"ಹನ್ನೆರಡು ಬಾಯಿ ಸಾರ್."

ಪೆನ್ನು ನಿಂತಿತು. "ಯಾರ ಬಾಯಿ?"

"ಅಜ್ಜೀದು."

"ಹನ್ನೆರಡೂ ಒಬ್ಬರದೇನಾ?"

"ಹೂಂ ಸಾರ್, ಒಬ್ಬರದೇ."

ಕಂಟ್ರೋಲರ್ ಎದ್ದು ಬೀರುವಿನಿಂದ ನನ್ನ ಡಬ್ಬಿಯನ್ನ ಎರಡೇ ಬೆರಳಲ್ಲಿ ಹಿಡಿದು ತಂದ. "ನಿಮ್ಮದೇನಾ? ನಮ್ಮ ಕಂಡಕ್ಟರ್ ಊಟಕ್ಕೆ ಅಂತ ತೆಗೆದು ಕಿರುಚಿಕೊಂಡನಂತೆ. ಎಣಿಸ್ಕೊಳ್ಳಿ."

ಎಣಿಸಿದೆ. ಹನ್ನೊಂದು. ಇನ್ನೊಮ್ಮೆ ಎಣಿಸಿದೆ, ಹನ್ನೊಂದೇ.

"ಸಾರ್, ಮುಚ್ಚಿದ ಬಾಯಿ ಒಂದು ಇಲ್ಲ!"

ಆಚೆ ನಾಲ್ಕು ಜನ ಕಂಡಕ್ಟರುಗಳು ಒಟ್ಟಿಗೆ ಊರ ಹೆಸರು ಕೂಗುತ್ತಿದ್ದರು. ಕಂಟ್ರೋಲರ್ ಅತ್ತ ಒಮ್ಮೆ ನೋಡಿ ನಿಟ್ಟುಸಿರು ಬಿಟ್ಟ.

"ಅದೊಂದು ಮಾತ್ರ ನಮ್ ಸ್ಟ್ಯಾಂಡಲ್ಲಿ ಸಿಗಲ್ಲ ಕಣಮ್ಮಾ."