ಮೀಸಲು ಅರಿಶಿನ

ದೇವರ ಹೆಸರಲ್ಲಿ ಸುಳ್ಳು ಹೇಳಬಾರದು ಎಂದು ಮಕ್ಕಳಿಗೆ ಬುದ್ಧಿ ಹೇಳಿದವಳೇ ನಾನು. ಆದರೆ ಅರಿಶಿನದ ವಿಷಯಕ್ಕೆ ಬಂದಾಗ ನನ್ನ ನಾಲಿಗೆ ನನ್ನ ಮಾತು ಕೇಳುವುದಿಲ್ಲ. ಸಂತೆಗುಳಿಯ ನಮ್ಮ ಹಿತ್ತಲಲ್ಲಿ ಒಂದಿಷ್ಟು ಅರಿಶಿನ ಬೆಳೆಯುತ್ತದೆ. ಅಗೆದು, ಬೇಯಿಸಿ, ಒಣಗಿಸಿ, ದಪ್ಪ ಕೊಂಬುಗಳನ್ನೆಲ್ಲ ಒಂದು ಡಬ್ಬಕ್ಕೆ ತುಂಬಿಡುತ್ತೇನೆ. ಹೊನ್ನಾವರದ ನಾದಿನಿ ಬಂದಾಗಲೆಲ್ಲ ಅವಳ ಕಣ್ಣು ಅದರ ಮೇಲೆಯೇ.

“ಅತ್ತಿಗೆ, ಎರಡೇ ಎರಡು ಕೊಂಬು ಕೊಡೇ.”

“ಅಯ್ಯೋ, ಅದು ದೇವರ ಮೀಸಲು ಮಾರಾಯ್ತಿ!”

ಮೀಸಲು ಎಂದರೆ ಮುಗಿಯಿತು, ಯಾರೂ ಮುಟ್ಟುವಂತಿಲ್ಲ. ತೊಂದರೆಯೇನೆಂದರೆ, ನಾನೂ ಮುಟ್ಟುವಂತಿಲ್ಲ. ಮಡಿಯಲ್ಲೇ ತೆಗೆದು ಬಿಸಿಲಿಗೆ ಹಾಕೋಣವೆಂದರೆ, ಅಷ್ಟೊಂದು ಅರಿಶಿನ ಅಂಗಳದಲ್ಲಿ ಹರಡಿದ್ದನ್ನು ನೋಡಿದವರು ನಾದಿನಿಗೆ ಸುದ್ದಿ ಮುಟ್ಟಿಸದೆ ಬಿಡುತ್ತಾರೆಯೇ? ಹಾಗಾಗಿ ಡಬ್ಬ ಹತ್ತು ತಿಂಗಳು ಅಟ್ಟದಲ್ಲೇ ತಪಸ್ಸು ಮಾಡಿತು.

ಸತ್ಯನಾರಾಯಣ ಪೂಜೆಯ ಹಿಂದಿನ ದಿನ ಮುಚ್ಚಳ ತೆಗೆದೆ. ಕೊಂಬುಗಳೆಲ್ಲ ನೋಡಲು ಲಕ್ಷಣವಾಗಿಯೇ ಇದ್ದವು. ಒಂದನ್ನು ಎತ್ತಿದರೆ ಹತ್ತಿಯಷ್ಟು ಹಗುರ. ತಟ್ಟಿದೆ. ಪುಡಿಯ ಜೊತೆಗೆ ಸಣ್ಣ ಕಂದು ಹುಳಗಳು ಅರಿಶಿನ ಶಾಸ್ತ್ರ ಮುಗಿಸಿದ ಮದುಮಕ್ಕಳ ಹಾಗೆ ಮೈಗೆಲ್ಲ ಹಳದಿ ಬಳಿದುಕೊಂಡು ಹೊರಬಂದವು. ಒಂದಕ್ಕಾದರೂ ನಾಚಿಕೆ ಬೇಡವೇ?

“ಪೇಟೆಯಿಂದ ಒಂದು ಪ್ಯಾಕೆಟ್ ತಂದರೆ ಆತು. ಅದಕ್ಕೆಂತ ಯುದ್ಧ?” ಎಂದರು ನಮ್ಮನೆಯವರು.

“ಇಲ್ಲೆ! ಹುಳಕ್ಕೆ ಸೋತು ದೇವರ ಎದುರು ಅಂಗಡಿ ಅರಿಶಿನ ಇಡೂದಾ? ನಾನಿರುವಷ್ಟು ದಿನ ಆಗ್ತಿಲ್ಲೆ!”

ಅತ್ತೆಯವರ ಕಾಲದಿಂದ ಈ ಮನೆಯ ದೇವರು ಹಿತ್ತಲಿನ ಅರಿಶಿನವನ್ನಲ್ಲದೆ ಬೇರೆಯದನ್ನು ಕಂಡವನಲ್ಲ. ಸೆರಗು ಸಿಕ್ಕಿಸಿ ಅಂಗಳದಲ್ಲಿ ಕೂತೆ. ಒಂದೊಂದೇ ಕೊಂಬನ್ನು ಕಲ್ಲಿಗೆ ಬಡಿದೆ. ಟಣ್ ಎಂದದ್ದು ದೇವರದು, ಪುಸ್ ಎಂದದ್ದು ಹುಳದ್ದು. ಇಡೀ ಡಬ್ಬದಲ್ಲಿ ಟಣ್ ಎಂದದ್ದು ಏಳು. ದೇವರು ದೊಡ್ಡವನು. ಒಂದೂ ಇಲ್ಲ ಎನ್ನಿಸಲಿಲ್ಲವಲ್ಲ!

ಅಷ್ಟರಲ್ಲಿ ತಲೆಯ ಮೇಲೆ ನೆರಳು ಬಿತ್ತು. ನಾಳೆ ಬರಬೇಕಾಗಿದ್ದ ನಾದಿನಿ!

“ಅಬ್ಬಾ ಅತ್ತಿಗೆ, ಇಷ್ಟೆಲ್ಲ ಇತ್ತಾ? ದೇವರು ಒಳ್ಳೆ ಜನಕ್ಕೇ ಊಟ ಹಾಕಿದ್ದ ಬಿಡು!”

ಐದು ಕೊಂಬು ದೇವರಿಗೆ ತೆಗೆದಿಟ್ಟು, ಉಳಿದ ಎರಡನ್ನು ಅವಳ ಕೈಗೆ ಹಾಕಿದೆ. ಅವಳು ಅವನ್ನು ಒಂದಕ್ಕೊಂದು ತಟ್ಟಿ, ಟಣ್ ಎಂದ ಮೇಲೆಯೇ ಚೀಲಕ್ಕೆ ಹಾಕಿಕೊಂಡಳು. “ಇಷ್ಟು ವರ್ಷ ಬಾಯಿಬಿಟ್ಟು ಕೇಳಿದ್ರೂ ಸಿಗಲಿಲ್ಲೆ. ಹುಳದ ಶಿಫಾರಸೇ ಬೇಕಾತು!”

ಪೂಜೆ ಚೆನ್ನಾಗಿಯೇ ಆಯಿತು, ಹಿತ್ತಲಿನ ಅರಿಶಿನದಲ್ಲೇ. ಹುಳಗಳೇ, ಕೇಳಿಸಿಕೊಳ್ಳಿ, ನಾನು ಸೋತಿಲ್ಲ. ಈ ಸಲದ ಅರಿಶಿನ ಡಬ್ಬ ಸೇರಿದೆ. ತಿಂಗಳಿಗೊಮ್ಮೆ ರಾಜಾರೋಷವಾಗಿ ಅಂಗಳದ ಬಿಸಿಲು ಕಾಯುತ್ತದೆ. ಯಾರ ಮೀಸಲು ಎಂದು ಯಾರಾದರೂ ಕೇಳಿದರೆ ನಾದಿನಿಯ ಹೆಸರು ಹೇಳುತ್ತೇನೆ. ದೇವರ ಹೆಸರಿಗೆ ಹುಳವೂ ಹೆದರಲಿಲ್ಲ, ನಾನೂ ಹೆದರಲಿಲ್ಲ. ಅವಳ ಬಾಯಿಗಾದರೂ ಇಬ್ಬರೂ ಹೆದರುತ್ತೇವೆ.