ಉಡಿಗೆ ಬಿದ್ದ ಕ್ಯಾಮೆರಾ

ಕೈಯಲ್ಲಿದ್ದ ವಸ್ತು ಜಾರಿ ಕೆಳಗೆ ಬೀಳುವುದರೊಳಗೆ ಮನುಷ್ಯ ಎಷ್ಟೆಲ್ಲ ಯೋಚಿಸಬಲ್ಲ ಎಂಬುದು ಬೀಳಿಸಿದವರಿಗೆ ಮಾತ್ರ ಗೊತ್ತು. ಸ್ಟೀಲಿನ ಲೋಟವಾದರೆ ಯೋಚನೆಗೆ ಪುರುಸೊತ್ತೇ ಇಲ್ಲ, ಢಣ್ ಅಂದು ಮುಗಿಯುತ್ತದೆ. ಪಿಂಗಾಣಿ ಕಪ್ಪಾದರೆ ಹೆಂಡತಿಯ ಮುಖ ಒಂದು ಸಲ ಕಣ್ಣ ಮುಂದೆ ಹಾದುಹೋಗುತ್ತದೆ. ಆದರೆ ಬೀಳುತ್ತಿರುವುದು ಕ್ಯಾಮೆರಾ ಆಗಿದ್ದು, ಅದು ಬೀಳುತ್ತಿರುವ ಜಾಗದಲ್ಲಿ ನಿಮ್ಮ ಸ್ವಂತ ಅಕ್ಕನ ಬಸುರಿ ಮಗಳು ಕೂತಿದ್ದರೆ, ಆಗ ನೀವು ಹುಟ್ಟಿದಾಗಿನಿಂದ ಮಾಡಿದ ತಪ್ಪುಗಳೆಲ್ಲ ಸಾಲಾಗಿ ಬಂದು ನಮಸ್ಕಾರ ಹೇಳಿ ಹೋಗುತ್ತವೆ. ನನಗೆ ಹಾಗಾಯಿತು.

ನಾನು ಕೊಪ್ಪಳದ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಹೇಳುವವನು. ನಾನು ಹೇಳುತ್ತಾ ಹೋಗುತ್ತೇನೆ, ಹುಡುಗರು ಆಕಳಿಸುತ್ತಾ ಹೋಗುತ್ತಾರೆ, ಎರಡೂ ಕಡೆ ಯಾರದೂ ತಕರಾರಿಲ್ಲ. ಇಂಥ ಬಾಳಿನಲ್ಲಿ ಒಂದು ಹುಚ್ಚಾದರೂ ಇರಲಿ ಎಂದು, ಗಳಿಕೆ ರಜೆಯ ದುಡ್ಡು ಕೈಗೆ ಬಂದ ವರ್ಷ ಗಂಗಾವತಿಗೆ ಹೋಗಿ ಒಂದು ಛಲೋ ಕ್ಯಾಮೆರಾ ತಂದೆ. ಜೊತೆಗೆ ಕೊರಳಿಗೆ ಹಾಕಿಕೊಳ್ಳುವ ಅಗಲವಾದ ಪಟ್ಟಿ ಬಂತು. ನಮ್ಮ ಮನೆಯ ಭಾಷೆಯಲ್ಲಿ ಅದು ಬೆಲ್ಟು. ಅದರ ಮೇಲೆ ಕಂಪನಿಯ ಹೆಸರನ್ನು ಎಷ್ಟು ದೊಡ್ಡದಾಗಿ ಬರೆದಿದ್ದರೆಂದರೆ ಕುಷ್ಟಗಿಯಲ್ಲಿ ನಿಂತವರು ಯಲಬುರ್ಗಾದಲ್ಲಿರುವ ನನ್ನನ್ನು ಗುರುತಿಸಬಹುದಿತ್ತು.

ಬೆಲ್ಟಿನ ವಿಷಯದಲ್ಲಿ ನಮ್ಮ ಮನೆಯಲ್ಲಿ ಮೊದಲಿನಿಂದಲೂ ಗಲಾಟೆಯೇ. ಮೊದಲ ವಾರವೇ ನಾನು ಕ್ಯಾಮೆರಾವನ್ನು ಶೋಕೇಸಿನ ಮೇಲಿಟ್ಟು, ಬೆಲ್ಟನ್ನು ಕೆಳಗೆ ಇಳಿಬಿಟ್ಟಿದ್ದೆ. ನನ್ನ ಹೆಂಡತಿ ಗಿರಿಜಾ ಕಸ ಗುಡಿಸುವಾಗ ಕಸಬರಿಗೆಯ ತುದಿ ಅದಕ್ಕೆ ಸಿಕ್ಕಿಕೊಂಡಿತು. ಆಕೆ ಎಳೆದಳು. ಮೇಲಿನಿಂದ ಕ್ಯಾಮೆರಾ, ಅದರ ಬೆನ್ನಿಗೆ ಪಕ್ಕದಲ್ಲಿದ್ದ ಕಿನ್ನಾಳದ ಮರದ ಗಿಳಿ, ಎರಡೂ ಒಟ್ಟಿಗೆ ಹೊರಟವು. ಗಿರಿಜಾ ಪೊರಕೆ ಬಿಸಾಕಿ ಸೆರಗು ಒಡ್ಡಿ ಕ್ಯಾಮೆರಾ ಹಿಡಿದಳು. ಗಿಳಿ ಮಾತ್ರ ನೆಲಕ್ಕೆ ಬಿದ್ದು ಕೊಕ್ಕು ಕಳೆದುಕೊಂಡಿತು. ಅದು ಆಕೆಯ ತವರಿನಿಂದ ಬಂದ ಗಿಳಿ. ಅಂದಿನಿಂದ ಮನೆಯಲ್ಲಿ ಕಾಯಿದೆ ಜಾರಿಯಾಯಿತು. "ಬೆಲ್ಟ ಇದ್ರ ನಿಮ್ಮ ಕೊಳ್ಳಾಗ ಇರಬೇಕು, ಇಲ್ಲಾಂದ್ರ ಸುತ್ತಿ ಚೀಲದಾಗ ಇರಬೇಕು. ನಡುವ ಜೋತಾಡಿದ್ರ ನಾ ಸುಮ್ನ ಬಿಡಾಂಗಿಲ್ಲ ನೋಡ್ರಿ." ಕೊಕ್ಕಿಲ್ಲದ ಗಿಳಿ ಇಂದಿಗೂ ಶೋಕೇಸಿನಲ್ಲಿ ಕೂತು ಆ ಕಾಯಿದೆಯನ್ನು ನೆನಪಿಸುತ್ತಿದೆ.

ಬರಿ ಬೆಲ್ಟಿದ್ದರೆ ಸಾಲದು, ಅದನ್ನು ಹಿಡಿದಿರುವ ಕೊಂಡಿಯೂ ಗಟ್ಟಿ ಇರಬೇಕು ಎಂದು ಕಲಿಸಿದವರು ಖಾದರ್ ಸರ್. ಅವರು ನಮ್ಮ ಕಾಲೇಜಿನಲ್ಲಿ ಇತಿಹಾಸದವರು, ನನಗಿಂತ ಮೊದಲೇ ಕ್ಯಾಮೆರಾದ ಹುಚ್ಚು ಹಿಡಿಸಿಕೊಂಡವರು. ಒಂದು ಭಾನುವಾರ ಇಬ್ಬರೂ ಕೊಕ್ಕರೆ ಹಿಡಿಯಲು ನವಲಿಯ ಭತ್ತದ ಗದ್ದೆಗೆ ಹೋಗಿದ್ದೆವು, ಹಿಡಿಯಲು ಅಂದರೆ ಫೋಟೋದಲ್ಲಿ. ಬದುವಿನ ಮೇಲೆ ನಿಂತು ಖಾದರ್ ಸರ್ ನನಗೆ ಬೆಲ್ಟಿನ ಮಹತ್ವವನ್ನು ವಿವರಿಸುತ್ತಿದ್ದರು. "ನೋಡ್ರಿ ಸರ್, ಇದು ಕೊಳ್ಳಾಗಿತ್ತಂದ್ರ ಬೇಫಿಕರ್. ಎರಡೂ ಕೈ ಬಿಟ್ರೂ ಏನಾಗಾಂಗಿಲ್ಲ," ಎಂದವರೇ ಎರಡೂ ಕೈ ಬಿಟ್ಟು ತೋರಿಸಿದರು. ಸವೆದಿದ್ದ ಕೊಂಡಿ ಟಪ್ ಎಂದು ಕಳಚಿತು. ಬೆಲ್ಟು ಕೊರಳಲ್ಲೇ ಉಳಿಯಿತು, ಕ್ಯಾಮೆರಾ ಗದ್ದೆಯ ಕೆಸರಿಗೆ ಇಳಿಯಿತು. "ಯಾ ಅಲ್ಲಾ!" ಎಂದು ಅವರು ಪ್ಯಾಂಟು ಸಮೇತ ಕೆಸರಿಗೆ ಹಾರಿದ್ದನ್ನು ನೋಡಿ ಕೊಕ್ಕರೆಗಳು ಕೂಡ ಹಾರದೆ ನಿಂತವು. ಅವರ ಹೆಂಡತಿ ಅದನ್ನು ಒರೆಸಿ, ತೇವ ಹೀರಲಿ ಎಂದು ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟರಂತೆ. ಆ ವಾರವೆಲ್ಲ ಅವರ ಮನೆಯ ಅನ್ನಕ್ಕೆ ಗದ್ದೆಯ ವಾಸನೆ ಇತ್ತಂತೆ, ಕ್ಯಾಮೆರಾ ಮಾತ್ರ ಬದುಕಲಿಲ್ಲ. ಅಂದಿನಿಂದ ನಾನು ಮನೆ ಬಿಡುವ ಮೊದಲು ಕೊಂಡಿಗಳನ್ನು ಜಗ್ಗಿ ನೋಡುತ್ತಿದ್ದೆ. ಸಿಕ್ಕವರಿಗೆಲ್ಲ ಬೆಲ್ಟಿನ ಉಪದೇಶ ಮಾಡುತ್ತಿದ್ದೆ.

ಇಷ್ಟು ಬುದ್ಧಿ ಇದ್ದವನು ಬೆಲ್ಟನ್ನು ಯಾಕೆ ತೆಗೆದ ಎಂದು ನೀವು ಕೇಳಬೇಕು. ಕೇಳಿರಿ, ಹೇಳುತ್ತೇನೆ. ಯಲಬುರ್ಗಾದಲ್ಲಿ ಒಂದು ಮದುವೆ. ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೊರಳಿಗೆ ಕ್ಯಾಮೆರಾ ಹಾಕಿಕೊಂಡು ಹೋಗಿದ್ದೆ. ಊಟದ ಪಂಕ್ತಿಯಲ್ಲಿ ಕೂತು ಇನ್ನೇನು ಹೋಳಿಗೆಗೆ ಕೈ ಹಾಕಬೇಕು, ಹಿಂದಿನಿಂದ ಯಾರೋ ನನ್ನ ಬೆಲ್ಟು ಹಿಡಿದು ಜಗ್ಗಿದರು. ಎತ್ತಿನ ಹಗ್ಗ ಜಗ್ಗಿದ ಹಾಗೆ! ತಿರುಗಿ ನೋಡಿದರೆ ಪೇಟ ಸುತ್ತಿದ ಒಬ್ಬ ಹಿರಿಯರು. "ಏ ಫೋಟೋದಾವ, ಊಟ ಆಮ್ಯಾಲ ಮಾಡಾಕ ಬರತೈತಿ. ಮೊದಲ ನಮ್ಮ ಬೀಗರದು ಒಂದ ತಗಿ ಬಾ." ನಾನು ಎಂ.ಎ. ಮಾಡಿದವನು, ಪ್ರಾಧ್ಯಾಪಕ, ಹೋಳಿಗೆ ಬಿಟ್ಟು ಎದ್ದು ಬೀಗರ ಫೋಟೋ ತೆಗೆದೆ. ಬೀಗರು ಇನ್ನಷ್ಟು ಬೀಗರನ್ನು ಕರೆದರು. ನಾನು ಮರಳಿ ಬರುವಷ್ಟರಲ್ಲಿ ಹೋಳಿಗೆ ಖಾಲಿಯಾಗಿತ್ತು. ಹೋಳಿಗೆ ಹೋದದ್ದಕ್ಕಿಂತ "ಫೋಟೋದಾವ" ಅನ್ನಿಸಿಕೊಂಡದ್ದು ಜಾಸ್ತಿ ಉರಿಯಿತು. ಮನೆಗೆ ಬಂದವನೇ ಬೆಲ್ಟು ಬಿಚ್ಚಿ ಗಿರಿಜಾಳ ಮುಂದೆ ಒಗೆದೆ. ಕೊರಳಲ್ಲಿ ನೇತಾಡಿದರೆ ಕೆಲಸದವನು, ಕೈಯಲ್ಲಿ ಹಿಡಿದರೆ ಹವ್ಯಾಸಿ ಎಂದು ಸಿದ್ಧಾಂತವನ್ನೂ ಮಂಡಿಸಿದೆ. ಗಿರಿಜಾ ಬೆಲ್ಟನ್ನು ಸುತ್ತಿ ತನ್ನ ವ್ಯಾನಿಟಿ ಬ್ಯಾಗಿನಲ್ಲಿಟ್ಟುಕೊಂಡಳು.

ಮುಂದಿನ ಕಾರ್ಯ ತಾವರಗೇರಾದಲ್ಲಿ, ನನ್ನ ಅಕ್ಕನ ಮನೆಯಲ್ಲಿ. ಅಕ್ಕನ ಮಗಳು ಸವಿತಾ ಬಸುರಿ, ಅವಳ ಕುಬಸ, ಅಂದರೆ ಸೀಮಂತ. ಮದುವೆಯಾಗಿ ಎಷ್ಟೋ ವರ್ಷ ಕಾದು, ಎರಡು ಸಲ ಕೈತಪ್ಪಿ, ಮೂರನೆಯ ಸಲ ನಿಂತ ಬಸುರು. ಹೀಗಾಗಿ ಆ ಮನೆಯಲ್ಲಿ ಎಲ್ಲರೂ ಉಸಿರು ಬಿಗಿಹಿಡಿದೇ ಓಡಾಡುತ್ತಿದ್ದರು. ಒಂದು ಚಮಚ ಬಿದ್ದರೂ ಅಕ್ಕ ಎದೆ ಮುಟ್ಟಿಕೊಳ್ಳುತ್ತಿದ್ದಳು. ಸೋದರಮಾವನಾದ ನಾನು ಹಸಿರು ಸೀರೆ, ಒಂದು ಕುಪ್ಪಸದ ಖಣ ಒಯ್ದಿದ್ದೆ. "ಮಾಮಾ ಇಷ್ಟಽ ತಂದಾನೇನು?" ಎಂದು ಒಳಗಿನ ಕೋಣೆಯಲ್ಲಿ ಯಾರೋ ಅಂದದ್ದು ನನ್ನ ಕಿವಿಗೆ ಬಿತ್ತು. ಬೀಳಲಿ ಎಂದೇ ಅಂದದ್ದು ಅದು.

ಬೆಳಿಗ್ಗೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ ತಿಂದು, ಎಣ್ಣೆಗೈಯನ್ನು ಕರವಸ್ತ್ರಕ್ಕೆ ಒರೆಸಿ, ಮನೆಯವರ ಜೊತೆ ನಾನೂ ಇರಬೇಕೆಂದು ಕ್ಯಾಮೆರಾಕ್ಕೆ ಟೈಮರ್ ಇಟ್ಟು ಒಂದು ಗುಂಪಿನ ಫೋಟೋ ತೆಗೆದೆ. ಗುಂಡಿ ಒತ್ತಿ ಓಡಿಬಂದು ನಿಂತರೆ, ಅದು ಟಿಕ್ ಟಿಕ್ ಎಂದು ಸ್ವಲ್ಪ ಹೊತ್ತು ಕಾದು, ತಾನೇ ಕಚಕ್ ಅನ್ನುತ್ತದೆ. ಆ ಟೈಮರನ್ನು ತೆಗೆಯಲು ಮರೆತೆ. ಇದನ್ನು ನೀವು ಮರೆಯಬೇಡಿ.

ಉಡಿ ತುಂಬುವುದು ಶುರುವಾಯಿತು. ಸವಿತಾ ಹಸಿರು ಸೀರೆಯುಟ್ಟು, ಕೈತುಂಬ ಹಸಿರು ಬಳೆ ಹಾಕಿ, ಸೆರಗೊಡ್ಡಿ ಕೂತಿದ್ದಳು. ಮುತ್ತೈದೆಯರು ಹಾಡು ಹೇಳುತ್ತಾ ಅದಕ್ಕೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನದ ಬೇರು ಹಾಕುತ್ತಿದ್ದರು. ಉಡಿ ಭಾರವಾಯಿತೆಂದು ಆಚೆ ಈಚೆ ಇಬ್ಬರು ಸೆರಗಿನ ಅಂಚು ಹಿಡಿದಿದ್ದರು. ಮೇಲಿನಿಂದ ತೆಗೆದರೆ ಈ ದೃಶ್ಯ ಎಷ್ಟು ಚಂದ ಬರುತ್ತದೆ ಎಂದು ನಾನು ಸ್ಟೂಲು ಹತ್ತಿದೆ. "ರೀ, ಬೆಲ್ಟ ಹಾಕ್ಕೋರಿ," ಎಂದು ಗಿರಿಜಾ ಬ್ಯಾಗಿನಿಂದ ಅದನ್ನು ತೆಗೆದು ತೋರಿಸಿದಳು. ನಾನು ಕಣ್ಣಿನಲ್ಲೇ ಗದರಿದೆ. ಕ್ಯಾಮೆರಾವನ್ನು ಉಡಿಯ ಮೇಲೆ ಚಾಚಿ ಗುಂಡಿ ಒತ್ತಿದೆ. ಟಿಕ್, ಟಿಕ್ ಅಂದಿತು. ಅಯ್ಯೋ, ಟೈಮರ್! ಅಷ್ಟರಲ್ಲಿ ಹಿಂದಿನಿಂದ ಒಬ್ಬ ಹೆಣ್ಣುಮಗಳ ದನಿ: "ಏ ಫೋಟೋದಾವ್ರ, ಸ್ವಲ್ಪ ಸರೀರಿ, ನಮಗ ಏನೂ ಕಾಣವಲ್ದು!"

ನನ್ನ ನೆತ್ತಿ ಕಾಯಿತು. "ನಾ ಫೋಟೋದಾವ ಅಲ್ಲ!" ಎಂದು ತಿರುಗಿದೆ. ಮಿರ್ಚಿಯ ಎಣ್ಣೆ ಆಗ ತನ್ನ ಕೆಲಸ ಮಾಡಿತು. ಕ್ಯಾಮೆರಾ ಜಾರಿತು.

ಸವಿತಾಳ ಹೊಟ್ಟೆಯ ಕಡೆಗೇ ಅದು ಹೋಗುತ್ತಿತ್ತು. ದೇವರೇ, ಕ್ಯಾಮೆರಾ ನುಚ್ಚುನೂರಾಗಲಿ, ನನ್ನ ಕೈ ಮುರಿಯಲಿ, ಆ ಕೂಸಿಗೆ ಏನೂ ಆಗದಿರಲಿ! ಎರಡೂ ಕೈ ಮುಂದೆ ಚಾಚಿದೆ, ಸಿಕ್ಕದ್ದು ಗಾಳಿ. ಹೊಟ್ಟೆಗೆ ಗೇಣು ದೂರದಲ್ಲಿ ಅದು ಧೊಪ್ಪೆಂದು ಉಡಿಯ ಅಕ್ಕಿಯೊಳಗೆ ಬಿತ್ತು. ಕೊಬ್ಬರಿ ಬಟ್ಟಲುಗಳ ನಡುವೆ ಕಣ್ಣು ಮೇಲೆ ಮಾಡಿಕೊಂಡು ಕೂತಿತು. ಹಾಡು ನಿಂತಿತು. ಆ ನಿಶ್ಶಬ್ದದಲ್ಲಿ ಉಡಿಯೊಳಗಿನಿಂದ ಟಿಕ್ ಟಿಕ್ ಟಿಕ್ ಎಂದು ಸದ್ದು ಬಂತು. ಆಮೇಲೆ ಕಚಕ್!

"ಯವ್ವಾ!" ಎಂದು ಸೆರಗು ಹಿಡಿದವರಲ್ಲಿ ಒಬ್ಬಳು ಚೀರಿದಳು. ಸವಿತಾಳ ಮುಖ ಸುಣ್ಣದ ಹಾಗೆ ಬಿಳುಪಾಗಿತ್ತು. ಅವಳು ಒಂದು ಕೈಯಿಂದ ಹೊಟ್ಟೆ ಹಿಡಿದುಕೊಂಡು, "ಮಾಮಾ..." ಎಂದಷ್ಟೇ ಅಂದಳು. ಅಕ್ಕ ಗೋಡೆ ಹಿಡಿದು ಕೆಳಗೆ ಕೂತುಬಿಟ್ಟಳು. ಹೆಂಗಸರ ಗುಂಪಿನಲ್ಲಿ ಗುಸುಗುಸು ಎದ್ದಿತು. ಬಸುರಿಯ ಮೇಲೆ ಏನೋ ಬಿತ್ತಲ್ಲ, ಕಾರ್ಯದ ನಡುವೆ ಹಿಂಗಾತಲ್ಲ, ಇದು ಛಲೋ ಅಲ್ಲ ನೋಡು. ನಾನು ಸ್ಟೂಲಿನ ಮೇಲೆ, ಚಾಚಿದ ಕೈ ಚಾಚಿದಂತೆಯೇ, ಕಂಬವಾಗಿ ನಿಂತಿದ್ದೆ.

ಆಗ ಮಾತಾಡಿದವಳು ಬಸಮ್ಮಜ್ಜಿ, ಸವಿತಾಳ ಗಂಡನ ಅಜ್ಜಿ. ಎದುರಿಗೇ ಕೂತಿದ್ದ ಆಕೆ ಉಡಿ ನೋಡಿದಳು, ಸವಿತಾಳ ಮುಖ ನೋಡಿದಳು, ಕೊನೆಗೆ ಕನ್ನಡಕ ಏರಿಸಿ ನನ್ನನ್ನು ನೋಡಿದಳು. "ಯಾಕ ಹಿಂಗ ಗಾಬರಿ ಆಗೀರಬೇ ಎಲ್ಲಾರೂ? ಸ್ವಾದರಮಾವ ಉಡಿ ತುಂಬ್ಯಾನ. ಏನ್ರೀ ಮಾಮಾರ, ಉಡಿಗಿ ಅಂತ ಹಾಕಿದ್ರಿ, ಹೌದಲ್ರಿ?"

ಎಲ್ಲರೂ ನನ್ನ ಕಡೆ ತಿರುಗಿದರು. ಇಲ್ಲ, ಜಾರಿ ಬಿತ್ತು ಎಂದರೆ ಕ್ಯಾಮೆರಾ ನನ್ನದು, ಆದರೆ ಈ ಹುಡುಗಿ ಹೆರಿಗೆಯಾಗುವ ತನಕ ಪ್ರತಿ ದಿನ ಅದನ್ನೇ ನೆನೆದು ನಡುಗುತ್ತಾಳೆ. ಹೌದು ಎಂದರೆ ಕ್ಯಾಮೆರಾ ಹೋಯಿತು. ಉಡಿಗೆ ಬಿದ್ದದ್ದನ್ನು ತಿರುಗಿ ತೆಗೆದುಕೊಂಡವರು ನಮ್ಮ ಕಡೆ ಯಾರೂ ಇಲ್ಲ, ನಾನೇ ಮೊದಲನೆಯವನಾಗಲು ಸಾಧ್ಯವಿರಲಿಲ್ಲ. ಇದನ್ನೆಲ್ಲ ಆ ಮುದುಕಿ ಒಂದು ನೋಟದಲ್ಲಿ ಲೆಕ್ಕ ಹಾಕಿಬಿಟ್ಟಿದ್ದಳು. ಅರ್ಥಶಾಸ್ತ್ರದವನು ನಾನು!

"ಹೌದ್ರಿ ಅಜ್ಜಿ," ಎಂದೆ. ನನ್ನ ದನಿ ನನಗೇ ಬೇರೆಯವರದಾಗಿ ಕೇಳಿಸಿತು. "ಉಡಿಗಿ ಅಂತಽ ಹಾಕೀನಿ."

ಒಮ್ಮೆಲೇ ಮನೆಗೆ ಜೀವ ಬಂತು. ಸವಿತಾಳ ಮುಖಕ್ಕೆ ಬಣ್ಣ ಬಂದು, ಅವಳು ನಕ್ಕಳು, ಕಣ್ಣಲ್ಲಿ ನೀರು ಬೇರೆ. ಅಕ್ಕ ಎದ್ದು ಬಂದು, "ನನ್ನ ತಮ್ಮ ಚಿನ್ನದಂಥಾವ," ಎಂದು ನನ್ನ ದೃಷ್ಟಿ ತೆಗೆದು ಲಟಿಕೆ ಮುರಿದಳು. ಒಳಗಿನ ಕೋಣೆಯಲ್ಲಿ ಬೆಳಿಗ್ಗೆ "ಇಷ್ಟಽ ತಂದಾನೇನು" ಎಂದಿದ್ದ ದನಿಯೇ ಈಗ, "ಮಾಮಾ ಅಂದ್ರ ಹಿಂಗಿರಬೇಕ ನೋಡವಾ," ಎಂದಿತು. ಗಿರಿಜಾ ಮಾತ್ರ ಬಾಯಿ ಕಳೆದು, ಕೈಯಲ್ಲಿ ಬೆಲ್ಟು ಹಿಡಿದು ನಿಂತಿದ್ದಳು. ಗಿಳಿಯ ಕೊಕ್ಕು ಮುರಿದ ದಿನವೂ ಆಕೆಗೆ ಅಷ್ಟು ದೊಡ್ಡ ಆಘಾತ ಆಗಿರಲಿಲ್ಲ.

ಕೊಪ್ಪಳದ ಬಸ್ಸು ಕುಷ್ಟಗಿ ದಾಟಿತು. ಗಿರಿಜಾ ಬೆಲ್ಟನ್ನು ನನ್ನ ತೊಡೆಯ ಮೇಲಿಟ್ಟು, "ಇದನ್ನ ನೀವಽ ಕೊಳ್ಳಾಗ ಹಾಕ್ಕೊಂಡು ಅಡ್ಡಾಡ್ರಿ ಇನ್ಮ್ಯಾಲ," ಎಂದಳು. ನಾನು ಕಿಟಕಿಯಾಚೆ ನೋಡುತ್ತಾ ಕೂತೆ. ಹೊಟ್ಟೆ ಉರಿಯುತ್ತಿತ್ತು, ಸುಳ್ಳು ಯಾಕೆ ಹೇಳಲಿ? ಆದರೆ ಆ ಗೇಣು ದೂರ ನೆನಪಾದಾಗಲೆಲ್ಲ ಉರಿ ತಣ್ಣಗಾಗುತ್ತಿತ್ತು.

ಸವಿತಾಳಿಗೆ ಹೆಣ್ಣು ಕೂಸು ಹುಟ್ಟಿತು, ಗುಂಡುಗುಂಡಗೆ. ತೊಟ್ಟಿಲ ಕಾರ್ಯಕ್ಕೆ ಹೋಗುವಾಗ ಬೆಲ್ಟನ್ನು ಒಯ್ದೆ. ಕೊಂಡಿಗಳನ್ನು ಜಗ್ಗಿ ನೋಡಿ ನಾನೇ ಅವಳ ಕ್ಯಾಮೆರಾಕ್ಕೆ ಹಾಕಿಕೊಟ್ಟೆ. ಹೌದು, ಅವಳ ಕ್ಯಾಮೆರಾ. ಅನ್ನಲು ಇನ್ನೂ ನಾಲಿಗೆ ತಡವರಿಸುತ್ತದೆ. "ಕೊಳ್ಳಾಗ ಹಾಕ್ಕೊಂಡಽ ತಗಿಬೇಕವಾ, ಕೂಸಿನ ಮ್ಯಾಲ ಬಗ್ಗುವಾಗ ಅಂತೂ," ಎಂದು ಉಪದೇಶ ಶುರು ಮಾಡಿದವನು ಗೋಡೆಯ ಕಡೆ ನೋಡಿ ಅಲ್ಲೇ ನಿಂತೆ. ಅಲ್ಲಿ ದೊಡ್ಡ ಕಟ್ಟು ಹಾಕಿಸಿದ ಒಂದು ಫೋಟೋ. ಉಡಿಯೊಳಗಿನಿಂದ ಆ ದಿನ ಕಚಕ್ ಅಂದದ್ದು! ಅಂಚಿಗೆ ಒಂದು ಕೊಬ್ಬರಿ ಬಟ್ಟಲು, ಮೇಲೆ ತೊಲೆ, ಅದರ ಕೆಳಗೆ ಸ್ಟೂಲಿನ ಮೇಲೆ ನಾನು. ಬಾಯಿ ತೆರೆದಿದೆ, ಕಣ್ಣು ಹೊರಗೆ ಬಂದಿವೆ, ಎರಡೂ ಕೈ ತುಂಬಾ ಮುಂದಕ್ಕೆ ಚಾಚಿವೆ. ಬೀಗರು ಒಬ್ಬೊಬ್ಬರಾಗಿ ಅದರ ಮುಂದೆ ನಿಂತು, "ನೋಡ್ರಿ, ಎರಡೂ ಕೈಲೆ ಹೆಂಗ ಎತ್ತಿ ಕೊಡಾಕತ್ತಾರ ಮಾಮಾರು, ಎಂಥಾ ತುಂಬು ಮನಸ!" ಎನ್ನುತ್ತಿದ್ದರು. ಇಷ್ಟು ವರ್ಷ ನಾನು ತೆಗೆದ ಫೋಟೋಗಳಲ್ಲಿ ಯಾರೇ ಆಗಲಿ ಗೋಡೆಗೆ ಹಾಕಿದ್ದು ಇದೊಂದೇ.

ಹೊಸದಾಗಿ ಬಂದ ಬೀಗರೊಬ್ಬರು ಬಹಳ ಹೊತ್ತು ನೋಡಿ ಕೇಳಿದರು, "ಇದನ್ನ ತಗದಾವ ಯಾರ್ರಿ? ಫೋಟೋದಾವ ಭಾಳ ಛಲೋ ಅದಾನ."

ನನಗೆ ತಡೆಯಲಾಗಲಿಲ್ಲ. ಮುಂದೆ ಬಂದು, ಎದೆ ಉಬ್ಬಿಸಿ, "ನಾನಽ ರಿ ಆ ಫೋಟೋದಾವ," ಎಂದೆ.

ಅವರು ಒಮ್ಮೆ ಫೋಟೋದೊಳಗಿನ ನನ್ನ ಖಾಲಿ ಕೈಗಳನ್ನು ನೋಡಿದರು, ಒಮ್ಮೆ ನನ್ನನ್ನು ನೋಡಿದರು. "ಸುಮ್ನಿರ್ರಿ ಮಾಮಾರ," ಎಂದು ನಕ್ಕು ಊಟಕ್ಕೆ ಹೋದರು.