ಸಿಂಕಿನ ಕೆಳಗೆ ಮಾವ

ನನ್ನ ಮಾವ ಚಕ್ಕುಲಿ ಕಡಿದರೆ ಮೂರನೇ ಮಹಡಿಗೂ ಕೇಳುತ್ತದೆ! ಎಪ್ಪತ್ತು ದಾಟಿದರೂ ಒಂದು ಹಲ್ಲೂ ಅಲುಗಿಲ್ಲ ಎಂಬುದೇ ಅವರ ಆಸ್ತಿ, ಅಂತಸ್ತು, ಎಲ್ಲ. ಚಕ್ಕುಲಿಯನ್ನು ಚಹಾದಲ್ಲಿ ಅದ್ದಿ ತಿನ್ನುವವರನ್ನು ಕಂಡರೆ "ಪಾಪ, ಪ್ರಾಯ ಆಯ್ತು" ಎಂದು ಮರುಗುತ್ತಾರೆ. ಆ ಪ್ರಾಯದವರು ಇವರಿಗಿಂತ ಚಿಕ್ಕವರಾಗಿದ್ದರೂ!

ಆ ದಿನವೂ ಹಾಗೆಯೇ ಬೆಳಗಾಯಿತು. ನೀರುದೋಸೆ ಹೊಯ್ದು, ಗಂಡನಿಗೆ ಬುತ್ತಿ ಕಟ್ಟಿ ಕಳುಹಿಸಿ, ಮಾವನ ಕಟುಂಕುಟುಂ ಕೇಳುತ್ತ ಪಾತ್ರೆ ತೊಳೆಯಲು ನಿಂತೆ. ಕಿವಿ ತುರಿಸಿತು. ಸಾಬೂನಿನ ಕೈ ತಾಗಿದ್ದೇ ತಡ, ಓಲೆ ಟಿಣ್ಣೆಂದು ಸಿಂಕಿನ ತೂತಿನೊಳಗೆ!

ನನ್ನದಾಗಿದ್ದರೆ ಅತ್ತು ಸುಮ್ಮನಾಗುತ್ತಿದ್ದೆ. ಅದು ಅತ್ತೆಯದು. ಮದುವೆಯೊಂದಕ್ಕೆ ನಾನೇ ಕೇಳಿ ಹಾಕಿಕೊಂಡದ್ದು. "ತಿರುಪು ಸಡಿಲ ಉಂಟು, ಬಂದ ಕೂಡಲೇ ತೆಗೆದಿಡು" ಎಂದು ಹೇಳಿಯೇ ಕೊಟ್ಟು, ಕಾವೂರಿನ ಮಗಳ ಮನೆಗೆ ಹೋಗಿದ್ದರು. ಸಂಜೆ ವಾಪಸ್ಸು ಬರುವವರು!

"ಮಾವ, ದಮ್ಮಯ್ಯ, ಯಾರಿಗೂ ಹೇಳ್ಬೇಡಿ."

"ಛೇ, ನಾನು ಹೇಳ್ತೇನಾ?" ಎಂದು ಲುಂಗಿ ಎತ್ತಿ ಕಟ್ಟಿ ಸಿಂಕಿನ ಕೆಳಗೆ ನುಸುಳಿದರು.

ಫೋನಿನಲ್ಲಿ ಪ್ಲಂಬರ್ "ನಾಳೆ" ಎಂದಿದ್ದ. ಪೈಪು ಬಾಗುವಲ್ಲಿ ಒಂದು ಪ್ಲಾಸ್ಟಿಕ್ ಬಳೆ. ಅದನ್ನು ತಿರುಗಿಸಿದರೆ ಬಾಗು ಬಿಚ್ಚಿಕೊಳ್ಳುತ್ತದೆ, ಓಲೆ ಅಲ್ಲೇ ಇರುತ್ತದೆ. ಅಲುಗಿದರೆ ತಾನೇ! ಹೆಗಲ ಮೇಲಿನ ಬೈರಾಸನ್ನು ಒದ್ದೆ ಮಾಡಿ ಸುತ್ತಿದರು, ಜಾರಿತು. ನನ್ನ ಗಂಡನ ಬೆಲ್ಟು ಬಿಗಿದು, ಲಟ್ಟಣಿಗೆ ತೂರಿಸಿ ಎಳೆದರು. ಲಟ್ಟಣಿಗೆ ಹಾರಿ ಅಕ್ಕಿ ಡಬ್ಬಿಗೆ ಬಡಿಯಿತು.

"ಸ್ಪ್ಯಾನರ್ ಎಲ್ಲಾದ್ರೂ ಸಿಗ್ತದಾ ನೋಡ್ಲಾ?"

"ಪ್ಲಾಸ್ಟಿಕ್ ಮಾರಾಯ್ತಿ, ಒಡೀತದೆ! ಇದಕ್ಕೆ ಬೇಕಾದ್ದು ಬಲ ಅಲ್ಲ, ಹಿಡಿತ."

ಹಿಡಿತ ಹುಡುಕಿಕೊಂಡು ಹೊರಟೇಬಿಟ್ಟರು. ಬಾಗಿಲ ಹಿಂದೆ ನಿಂತ ನನಗೆ ಒಂದೊಂದೇ ಮನೆಯ ಬೆಲ್ಲು, ಪಿಸುಮಾತು, ಆಮೇಲೆ ನಗು ಕೇಳುತ್ತಿತ್ತು. ಯಾರಿಗೂ ಹೇಳಬೇಡಿ ಎಂದರೆ ಮನೆಮನೆಗೆ ಹೋಗಿ ಹೇಳಿ ಎಂದು ಅರ್ಥವೇ? ಸೈಕಲ್ ಟ್ಯೂಬಿನ ತುಂಡು ತಂದರು, ಅದೂ ಸೋತಿತು. ಮತ್ತೆ ಹೊರಟರು. ಹಪ್ಪಳಕ್ಕೆ ಹಲಸಿನಕಾಯಿ ಹೆಚ್ಚುತ್ತಿದ್ದ ಮೇಲಿನ ಮನೆಯಲ್ಲಂತೂ ನಗುವೋ ನಗು! ನಾಚಿಕೆಯಾದಾಗ ತಲೆ ತಗ್ಗಿಸುವುದನ್ನು ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದರು. ತಗ್ಗಿಸಿದ ತಲೆಯನ್ನು ಇಡುವುದೆಲ್ಲಿ ಎಂದು ಕಲಿಸಿರಲಿಲ್ಲ. ಫ್ರಿಜ್ ತೆರೆದು ಅದರೊಳಗೆ ಇಟ್ಟೆ.

ಮಾವ ಬಂದರು, ಕಡ್ಡಿಗೆ ಸುತ್ತಿದ ಹಲಸಿನ ಮೇಣದೊಂದಿಗೆ! "ಇದು ಕತ್ತಿಯನ್ನೇ ಬಿಡುದಿಲ್ಲ, ಪೈಪು ಎಂತ ಲೆಕ್ಕ?" ಎಂದು ಎರಡೂ ಅಂಗೈಗೆ ಬಳಿದುಕೊಂಡು ಬಳೆಯನ್ನು ಹಿಡಿದರು, ಉಸಿರು ಕಟ್ಟಿ ತಿರುಗಿಸಿದರು. ಕರ್‌ರ್... ತಿರುಗಿತು! ಕಪ್ಪು ನೀರು, ಅನ್ನದ ಅಗುಳು, ಅದರ ಹಿಂದೆ ಓಲೆ, ಎಲ್ಲ ಬಕೆಟಿಗೆ.

ನಾನು ಓಲೆಯನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದರೆ ಸಿಂಕಿನ ಕೆಳಗಿಂದ ಸ್ವರ: "ಮಗಾ, ನನ್ನನ್ನೂ ಒಮ್ಮೆ ನೋಡು."

ಪೈಪು ಸಿಂಕನ್ನು ಬಿಟ್ಟಿತ್ತು, ಮಾವನ ಕೈಯನ್ನು ಬಿಟ್ಟಿರಲಿಲ್ಲ! ಹಲಸು ಮುಟ್ಟುವ ಮೊದಲು ಕೈಗೆ ತೆಂಗಿನೆಣ್ಣೆ ಹಚ್ಚಬೇಕೆಂದು ಊರಿಗೇ ಗೊತ್ತು. ಆದರೆ ಹಚ್ಚಿದ್ದರೆ ಹಿಡಿತ ಎಲ್ಲಿಯದು? ಬೆರಳು ಬೆರಳಿಗೂ ಎಣ್ಣೆ ತಿಕ್ಕಿ ಬಿಡಿಸುತ್ತಾ, ತಡೆಯಲಾರದೆ ಹೇಳಿಯೇಬಿಟ್ಟೆ: "ಇಡೀ ಬಿಲ್ಡಿಂಗಿಗೆ ನನ್ನ ಮಾನ ಹಂಚಿ ಬಂದ್ರಲ್ಲ ಮಾವ!"

ಅವರು ಎಣ್ಣೆ ತೊಟ್ಟಿಕ್ಕುವುದನ್ನೇ ನೋಡುತ್ತಿದ್ದರು.

ಸಂಜೆ ಅತ್ತೆ ಬಂದಾಗ ಪೈಪು ಸ್ವಸ್ಥಾನದಲ್ಲಿತ್ತು, ಓಲೆ ಡಬ್ಬಿಯಲ್ಲಿತ್ತು. ನನ್ನ ಜೀವ ಮಾತ್ರ ಬಾಯಲ್ಲಿತ್ತು. ಚಹಾ ಕೊಟ್ಟೆ, ಚಕ್ಕುಲಿ ಇಟ್ಟೆ. ತೆರೆದ ಬಾಗಿಲಿನ ಆಚೆಯಿಂದ, ಒಣಗಿದ ಬಟ್ಟೆ ಹೊತ್ತು ಹೋಗುತ್ತಿದ್ದ ಎದುರು ಮನೆಯವರು ಇಣುಕಿದರು. ಮುಗಿಯಿತು ಎಂದುಕೊಂಡೆ.

"ಈಗ ಬಂದದ್ದಾ ಅಕ್ಕಾ? ಯಜಮಾನರ ಹಲ್ಲಿನ ಸೆಟ್ಟು ಸಿಂಕಿಗೆ ಬಿದ್ದದ್ದು ಸಿಕ್ಕಿತಾ? ಬೆಳಿಗ್ಗೆ ಬಾಯಿಗೆ ಕೈ ಅಡ್ಡ ಹಿಡ್ಕೊಂಡು ಎಲ್ಲ ಮನೆಗೂ ಬಂದಿದ್ರು ಪಾಪ. ಅದು ಸೆಟ್ಟು ಅಂತ ನಮ್ಗೆ ಇಷ್ಟು ದಿನ ಗೊತ್ತೇ ಇರ್ಲಿಲ್ಲ!"

ಅತ್ತೆ ಮಾವನತ್ತ ತಿರುಗಿದರು. ಮಾವ ನನ್ನತ್ತ ನೋಡಲಿಲ್ಲ. ಹಲ್ಲಿನವರೆಗೆ ಹೋಗಿದ್ದ ಚಕ್ಕುಲಿಯನ್ನು ಇಳಿಸಿ, ಸದ್ದಿಲ್ಲದೆ ಚಹಾದಲ್ಲಿ ಅದ್ದಿದರು.

"ಹಾಂ, ಹಾಗೇ ಅದ್ದಿ ತಿನ್ನಿ" ಎಂದರು ಎದುರು ಮನೆಯವರು, ಬಟ್ಟೆ ಸರಿಮಾಡಿಕೊಳ್ಳುತ್ತಾ. "ಪ್ರಾಯ ಆಯ್ತಲ್ಲ."